ಅರ್ಧ ಗುಳಿಗೆ

ಗುಡ್ಡಾಪುರ
11 ಜನವರಿ 2004

ರುಬಿನಾ,

ಸಲಾಂ. ನಾನು ಇಲ್ಲಿ ಆರಾಮ ಇದ್ದೇನೆ. ನೀನು, ಸನಾ, ಅಮ್ಮ, ಮಲೀಕಾ ಎಲ್ಲರೂ ಆರಾಮ ಇರಲೆಂದು ದಿನಾ ದುವಾ ಮಾಡುತ್ತೇನೆ. ನೀನು ಬಿಜಾಪುರಕ್ಕೆ ಹೋಗಿ ಒಂದೂವರೆ ತಿಂಗಳಾಯಿತು. ಇಷ್ಟು ದಿನ ಎರಡು ಸಾಲು ಬರೆಯದವನ ಮೇಲೆ ನಿನಗೆ ಸಿಟ್ಟು ಬಂದಿದ್ದರೆ ತಪ್ಪಲ್ಲ. ಅಂಗಡಿಯಲ್ಲಿ ಗಿರಾಕಿ ಹೆಚ್ಚಾಗಿದ್ದರು ಎಂದು ಹೇಳಿ ಪಾರಾಗಬಹುದಿತ್ತು. ನಿಜವೆಂದರೆ ಮೂರು ಸಲ ಬರೆದೆ, ಮೂರು ಸಲವೂ ಹರಿದು ಹಾಕಿದೆ.

ಮನೆ ಹೇಗಿದೆಯೋ ಹಾಗೇ ಇದೆ. ರೊಟ್ಟಿ ಬಡಿಯಲು ಹೋಗಿ ಎರಡು ದಿನ ಕೈ ಸುಟ್ಟುಕೊಂಡೆ. ಅದನ್ನು ನೋಡಿ ಪಕ್ಕದ ಮನೆಯ ತುಳಸವ್ವ ಈಗ ಕೂಲಿಗೆ ಹೋಗುವ ಮೊದಲು ಎರಡು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ ಬಾಗಿಲಲ್ಲಿ ಇಟ್ಟು ಹೋಗುತ್ತಾಳೆ. ಅಂಗಡಿಯಲ್ಲೇ ಕುಳಿತು ತಿನ್ನುತ್ತೇನೆ. ಮನೆಯಲ್ಲಿ ಕುಳಿತರೆ ನನ್ನ ಬಾಯಿಯ ಸಪ್ಪಳ ನನಗೇ ಕೇಳಿಸುತ್ತದೆ.

ಮೊನ್ನೆ ಯಳವಿಯಿಂದ ಚನ್ನವ್ವ ಎಂಬವರು ಬಸುರಿ ಮಗಳನ್ನು ಕರೆದುಕೊಂಡು ಕುಬಸದ ಹಸಿರು ಬಳೆ ಇಡಿಸಲು ಬಂದಿದ್ದರು. ಬಳೆ ಏರಿಸುತ್ತಿದ್ದಾಗ ನಿನ್ನ ವಿಚಾರ ಕೇಳಿದರು. ಹೆಣ್ಣು ಕೂಸು, ತವರಿಗೆ ಹೋಗಿದ್ದಾಳೆ ಎಂದೆ. ಒಮ್ಮೆ ಹೋಗಿ ನೋಡಿಕೊಂಡು ಬರ್ರಿ, ಹಡೆದಾಕಿಗೆ ಗಂಡನ ಮಾರಿ ಕಂಡರೆ ಚಲೋ ಎಂದರು. ನಾನು ತಲೆಯಾಡಿಸಿದೆ. ಅವರು ಹೋದ ಮೇಲೆ ಉಳಿದ ಬಳೆಗಳನ್ನು ದಾರಕ್ಕೆ ಪೋಣಿಸುವಾಗ ನಾಲ್ಕು ಒಡೆದವು.

ಈಗ ಬರೆಯಬೇಕಾದ ಮಾತಿಗೆ ಬರುತ್ತೇನೆ. ಶುಕ್ರವಾರ ಮಲೀಕಾ ಇಲ್ಲಿಯ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ನನ್ನನ್ನು ಕರೆಸಿದ್ದಳು. ನಲವತ್ತನೆಯ ದಿನದ ಸ್ನಾನ ಆದಂದಿನಿಂದ ನೀನು ಗುಳಿಗೆ ತೆಗೆದುಕೊಳ್ಳುತ್ತಿಲ್ಲವಂತೆ. ಹಾಲು ಕುಡಿಸಿದ ಕೂಡಲೇ ಕೂಸನ್ನು ಅಮ್ಮನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ಮಲಗುತ್ತೀಯಂತೆ. "ಭಾವಾ, ಅಕ್ಕ ಏನಂತಾಳ ಗೊತ್ತೈತೇನು? ಒಂದ ದಿನಾನೂ ತಪ್ಪಸದ ಗುಳಿಗಿ ನುಂಗಿದೆ, ಆದ್ರೂ ಬಾವಿತನಕ ಹೋದೆ, ನನಗ ಯಾವ ಔಷಧಾನೂ ನಾಟೂದಿಲ್ಲ ಅಂತಾಳ," ಎಂದಳು. ಫೋನ್ ಇಟ್ಟ ಮೇಲೆ, ಕರೆಸಿದ್ದಕ್ಕೆ ಬೂತಿನವನಿಗೆ ಹಣ ಕೊಡುವುದನ್ನೂ ಮರೆತು ಬಂದುಬಿಟ್ಟಿದ್ದೆ.

ರುಬಿನಾ, ನಿನಗೆ ಔಷಧ ನಾಟುತ್ತದೆ. ಮೊದಲನೆಯ ಕೂಸು ಏಳನೆಯ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋದಾಗ ನೀನು ಹೇಗಿದ್ದೆ ಎಂಬುದು ನಿನಗೆ ನೆನಪಿರಲಿಕ್ಕಿಲ್ಲ, ನನಗಿದೆ. ಒಂದು ವರ್ಷ ನಿನ್ನ ದನಿಯೇ ಕೇಳಿರಲಿಲ್ಲ. ಮಿರಜಿನ ಮನೋರೋಗದ ಡಾಕ್ಟರಬಾಯಿ ಗುಳಿಗೆ ಕೊಟ್ಟ ಎರಡನೆಯ ತಿಂಗಳು, ಒಂದು ಮುಂಜಾನೆ ನೀನಾಗಿಯೇ ಅಂಗಡಿಗೆ ಬಂದು ಕುಳಿತೆ. ಬೇರೆ ಬೇರೆ ಅಳತೆಯ ಬಳೆಗಳನ್ನೆಲ್ಲ ಕಲಸಿ ಇಟ್ಟಿದ್ದೀರಲ್ಲ ಎಂದು ನನ್ನನ್ನು ಬೈದೆ. ಬೈಸಿಕೊಳ್ಳುತ್ತ ನಾನು ಆಚೆ ಮುಖ ಮಾಡಿ ಕಣ್ಣು ಒರೆಸಿಕೊಂಡೆ. ಹೋದ ವರ್ಷ ಮತ್ತೆ ಬಸುರಾದಾಗ ಅದೇ ಡಾಕ್ಟರಬಾಯಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಮರಾಠಿಯಲ್ಲಿ ಬಿಡಿಸಿ ಹೇಳಿದ್ದರು. ಗುಳಿಗೆಯಿಂದ ಕೂಸಿಗೆ ಏನೂ ಆಗುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾರರು. ಆದರೆ ಈಕೆಯ ವಿಷಯದಲ್ಲಿ ಗುಳಿಗೆ ನಿಲ್ಲಿಸಿದರೆ ಬರುವ ಅಪಾಯ ಅದಕ್ಕಿಂತ ದೊಡ್ಡದು. ತಾಯಿ ಬಿದ್ದರೆ ಕೂಸನ್ನು ಹಿಡಿಯುವವರು ಯಾರು ಎಂದಿದ್ದರು. ನೀನು ಸರಿ ಎಂದೆ. ನಾನೂ ಸರಿ ಎಂದೆ.

ಆಮೇಲೆ ಆದದ್ದನ್ನು ಬರೆಯಲು ಕೈ ಏಳುವುದಿಲ್ಲ. ಮಳೆಗಾಲದ ಹೊತ್ತಿಗೆ ನೀನು ತಲೆ ಬಾಚಿಕೊಳ್ಳುವುದನ್ನು ಬಿಟ್ಟೆ. ಉಣ್ಣುವುದು ಕಡಿಮೆಯಾಯಿತು. ಹೊಟ್ಟೆ ಬೆಳೆಯುತ್ತಿತ್ತು, ಕೈ ಸೊರಗುತ್ತಿತ್ತು. ನಾನು ಬಳೆಗಾರ, ನಿನ್ನ ಕೈ ಒಂದು ಅಳತೆ ಇಳಿದದ್ದು ನನಗೆ ಎಲ್ಲರಿಗಿಂತ ಮೊದಲು ತಿಳಿಯಿತು. ಏಳನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ, ಸೋಮನಿಂಗಪ್ಪನ ಹೊಲದಲ್ಲಿ ಕಳೆ ಕೀಳುತ್ತಿದ್ದ ತುಳಸವ್ವನಿಗೆ ನೀನು ಬಾವಿಯ ದಂಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತದ್ದು ಕಂಡಿತು. ಆಕೆ ಓಡಲಿಲ್ಲ, ಕೂಗಲಿಲ್ಲ. ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತು ನಿನ್ನ ಕೈ ಹಿಡಿದು, "ಏಳವಾ, ಬಿಸಲಾಗೇತಿ, ಮನಿಗಿ ಹೋಗೂಣು," ಎಂದಳಂತೆ. ನೀನು ಎದ್ದು ಬಂದೆ. ಇವತ್ತಿಗೂ ಆಕೆ ಊರಲ್ಲಿ ಒಬ್ಬರ ಮುಂದೆಯೂ ಆ ಮಾತು ಎತ್ತಿಲ್ಲ.

ಮರುದಿನ ಮಿರಜಿನಲ್ಲಿ ಡಾಕ್ಟರಬಾಯಿ ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯಾ ಎಂದು ಕೇಳಿದರು. ದಿನಾ ತಗೊಂಡೀನ್ರಿ ಎಂದೆ ನೀನು. ಅವರು ನನ್ನ ಮುಖ ನೋಡಿದರು. ನಾನೂ ಹೌದು ಎಂದೆ. ಹಾಗಾದರೆ ಈ ಪ್ರಮಾಣ ಸಾಲುತ್ತಿಲ್ಲ ಎಂದು ಹೆಚ್ಚಿಸಿ, ನಿನ್ನನ್ನು ವಾರ್ಡಿನಲ್ಲಿ ಇಟ್ಟುಕೊಂಡರು. ಅಲ್ಲಿ ನರ್ಸ್‌ಬಾಯಿಯೇ ಗುಳಿಗೆ ಕೊಡುತ್ತಿದ್ದಳು. ಒಂದು ತಿಂಗಳಲ್ಲಿ ನೀನು ಸ್ವಲ್ಪ ಸ್ವಲ್ಪವಾಗಿ ಮರಳಿ ಬಂದೆ. ರಮಜಾನಿನ ಕೊನೆಯ ವಾರ ಮಿರಜಿನಲ್ಲೇ ಸನಾ ಹುಟ್ಟಿದಳು. ಎರಡು ದಿನ ಅವಳ ಕೈಕಾಲು ನಡುಗಿದವು. ಹೆಚ್ಚಿನ ಗುಳಿಗೆಯಿಂದ ಇರಬಹುದು, ಇಳಿಯುತ್ತದೆ ಎಂದರು. ಮೂರನೆಯ ದಿನಕ್ಕೆ ಇಳಿಯಿತು. ಆದರೆ ಆ ಎರಡು ದಿನ ನೀನು ಗಾಜಿನ ಆಚೆಯಿಂದ ಅವಳನ್ನು ನೋಡುತ್ತ, ನನ್ನ ಹುಚ್ಚು ಇವಳಿಗೂ ತಾಗಿತು ಎಂದು ಅತ್ತೆ. ನಾನು ಪಕ್ಕದಲ್ಲೇ ನಿಂತಿದ್ದೆ.

ಮಲೀಕಾಳ ಜೊತೆ ಅಲ್ಲಿಯ ಒಳ್ಳೆಯ ಡಾಕ್ಟರ ಹತ್ತಿರ ಹೋಗು. ಗುಳಿಗೆ ಮತ್ತೆ ಶುರು ಮಾಡು. ಅಲ್ಲಾಹ್ ನಿನ್ನನ್ನೂ ಸನಾಳನ್ನೂ ತನ್ನ ನೆರಳಿನಲ್ಲಿ ಇಟ್ಟುಕೊಳ್ಳಲಿ. ಅಮ್ಮನಿಗೆ ಸಲಾಂ ತಿಳಿಸು.

ನಿನ್ನ
ಸರದಾರ

ತಾಜಾ ಕಲಂ: ಇದನ್ನು ಬರೆಯದೆ ಪತ್ರ ಮುಚ್ಚಬೇಕೆಂದಿದ್ದೆ. ಮುಚ್ಚಿದರೆ ನೀನು ಔಷಧವನ್ನು ನಂಬುವುದಿಲ್ಲ. ಡಾಕ್ಟರಬಾಯಿ ಬಸುರಿನಲ್ಲಿ ದಿನಕ್ಕೆ ಅರ್ಧ ಗುಳಿಗೆ ಬರೆದಿದ್ದರು, ಅದನ್ನು ಬ್ಲೇಡಿನಿಂದ ಅರ್ಧ ಮಾಡಿ ಡಬ್ಬಿಗೆ ಹಾಕುವುದು ನನ್ನ ಕೆಲಸವಾಗಿತ್ತು. ಗುಳಿಗೆಯ ಜೊತೆ ಬಂದ ಇಂಗ್ಲಿಷ್ ಚೀಟಿಯನ್ನು ನಾನು ಗುರುಲಿಂಗಪ್ಪ ಮಾಸ್ತರರಿಂದ ಓದಿಸಿದ್ದೆ. ಬಸುರಿಯರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು ಎಂದಿದೆ ಎಂದರು. ಡಾಕ್ಟರು ಆಗಲೇ ಹೇಳಿಯಾಗಿತ್ತು, ಆದರೆ ನನ್ನ ಕಿವಿಯಲ್ಲಿ 'ತೆಗೆದುಕೊಳ್ಳಬಾರದು' ಎಂಬುದಷ್ಟೇ ಉಳಿಯಿತು. ಮೊದಲನೆಯ ಕೂಸನ್ನು ಮಣ್ಣಿಗೆ ಇಳಿಸಿದ್ದು ಈ ಕೈಗಳೇ. ಇನ್ನೊಂದನ್ನು ಇಳಿಸಲು ನನ್ನಿಂದ ಆಗುತ್ತಿರಲಿಲ್ಲ. ಮೂರನೆಯ ತಿಂಗಳಿನಿಂದ ಆ ಡಬ್ಬಿಯಲ್ಲಿ ಇದ್ದದ್ದು ಕ್ಯಾಲ್ಸಿಯಂ ಗುಳಿಗೆಯ ಚೂರು. ಅದೂ ಬೆಳ್ಳಗೇ ಇತ್ತು. ನೀನು ಒಂದು ದಿನವೂ ತಪ್ಪಿಸದೆ ನುಂಗಿದ್ದು ಅದನ್ನು. ಬಾವಿಯತನಕ ನಿನ್ನನ್ನು ಕಳಿಸಿದವನು ನಾನು. ಮಿರಜಿನಲ್ಲಿ ನಾನು ಬಾಯಿ ಬಿಟ್ಟಿದ್ದರೆ ಗುಳಿಗೆಯನ್ನು ಅಷ್ಟು ಹೆಚ್ಚಿಸುತ್ತಿರಲಿಲ್ಲವೇನೋ, ಸನಾ ನಡುಗುತ್ತಿರಲಿಲ್ಲವೇನೋ. ಕ್ಷಮೆ ಕೇಳಲು ಬರೆಯುತ್ತಿಲ್ಲ. ನಿನ್ನ ತಲೆ ಕೆಟ್ಟಿಲ್ಲ ಎಂಬುದು ನಿನಗೆ ಗೊತ್ತಾಗಲಿ ಎಂದು ಬರೆದೆ.

ಬಿಜಾಪುರ
24 ಜನವರಿ 2004

ಸನಾಳ ಅಬ್ಬಾಗೆ,

ಸಲಾಂ. ಪತ್ರ ಮುಟ್ಟಿ ಎಂಟು ದಿನವಾಯಿತು. ಮೂರು ದಿನ ಯಾರಿಗೂ ತೋರಿಸಲಿಲ್ಲ. ನಾಲ್ಕನೆಯ ದಿನ ಮಲೀಕಾಳನ್ನು ಕರೆದುಕೊಂಡು ಇಲ್ಲಿಯ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಮಿರಜಿಗೆ ಫೋನ್ ಮಾಡಿ ವಿಚಾರಿಸಿ ಗುಳಿಗೆ ಬರೆದುಕೊಟ್ಟರು. ಹಾಲು ಕುಡಿಸಲು ಅಡ್ಡಿಯಿಲ್ಲ ಎಂದರು. ಗುಣ ಕಾಣಲು ಕೆಲವು ವಾರ ಬೇಕಂತೆ. ಗುಳಿಗೆ ನಾನೇ ಔಷಧದ ಅಂಗಡಿಗೆ ಹೋಗಿ ತಂದುಕೊಳ್ಳುತ್ತೇನೆ.

ನೀವು ಹೆದರಿದ್ದಿರಿ ಎಂಬುದು ನನಗೆ ಅರ್ಥವಾಗುತ್ತದೆ. ನಾನೂ ಹೆದರಿದ್ದೆ. ಹೆದರಿಕೆಯನ್ನು ನೀವು ನನ್ನ ಮುಂದೆ ಹೇಳಬಹುದಿತ್ತು. ಆ ಮಧ್ಯಾಹ್ನ ಬಾವಿಯ ದಂಡೆಯಲ್ಲಿ ಕುಳಿತು ನಾನು ಯೋಚಿಸುತ್ತಿದ್ದದ್ದು ನಿಮ್ಮನ್ನೇ. ಇಷ್ಟು ಔಷಧ ಮಾಡಿಸಿದರೂ ನೆಟ್ಟಗಾಗದ ಹೆಂಡತಿ ಪಾಪ ಇವರಿಗೆ ಸಿಕ್ಕಳಲ್ಲ ಎಂದು ಮರುಗುತ್ತಿದ್ದೆ.

ಈಗ ನೀವು ಬರಬೇಡಿ. ಬರಲಿ ಎಂದು ನನಗೆ ಅನಿಸಿದಾಗ ನಾನೇ ಬರೆಯುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ.

ರುಬಿನಾ

ತಾ. ಕ.: ನಿನ್ನೆ ಮುಂಜಾನೆ ಎಣ್ಣೆ ಹಚ್ಚುವಾಗ ಸನಾ ನನ್ನ ಮುಖ ನೋಡಿ ನಕ್ಕಳು, ಮೊದಲ ಸಲ. "ರೀ, ನೋಡ್ರಿಲ್ಲೆ," ಎಂದು ತಿರುಗಿದೆ. ಕೋಣೆಯಲ್ಲಿ ಯಾರೂ ಇರಲಿಲ್ಲ.