ಅಮ್ಮ ಒರಗುವ ಬಾಗಿಲು

ಭಾನುವಾರ, ಮಧ್ಯಾಹ್ನ

ಅಣ್ಣಾ,

‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದೆ. ಇವತ್ತು ಆ ಮಾತು ಬರೆಯಲು ಕೈ ಏಳುತ್ತಿಲ್ಲ.

ನೀನು ಕೊಟ್ಟ ಕಾರಿನ ಬಣ್ಣ ಮಾಸಿತ್ತು, ನಾನೇ ಹೊಸದು ಹೊಡೆಯುತ್ತಿದ್ದೇನೆ. ಗ್ಯಾರೇಜಿನವನು ಹೇಳಿದ ರೇಟು ನನ್ನ ಎರಡು ತಿಂಗಳ ಸಂಬಳ. ಅದಕ್ಕೇ ಐದು ಡಬ್ಬಿ ಸ್ಪ್ರೇ, ಒಂದಿಷ್ಟು ಉಪ್ಪುಕಾಗದ ತಂದು, ಗಾಜಿಗೆಲ್ಲ ಹಳೇ ಪೇಪರ್ ಅಂಟಿಸಿ ಶೆಡ್ಡಿನಲ್ಲಿ ಕೂತೆ. ಸೀನಿದರೆ ಬೂದು ಗೊಣ್ಣೆ. ಉಂಡ ಅನ್ನವೆಲ್ಲ ಥಿನ್ನರ್ ವಾಸನೆ. ಬಾನೆಟ್ಟಿನ ಬಣ್ಣ ಒಣಗುವ ಮೊದಲೇ ನೊಣಗಳು ಬಂದು ಅಂಟಿಕೊಂಡವು. ಉಗುರಿನಿಂದ ಕಿತ್ತರೆ ಕಾಲುಗಳು ಅಲ್ಲೇ ಉಳಿದವು.

ಅದನ್ನೂ ಸಹಿಸಿಕೊಂಡೆ. ನಿನ್ನೆ ಅಮ್ಮ ಕೂರುವ ಕಡೆಯ ಬಾಗಿಲು ಉಜ್ಜತೊಡಗಿದೆ. ಬಣ್ಣ ಹೋಯಿತು, ಕೆಳಗೆ ತಗಡು ಕಾಣಲಿಲ್ಲ. ತೂತು ಮುಚ್ಚಲು ಮೆತ್ತಿದ ಬೆರಳು ದಪ್ಪ ಪುಟ್ಟಿ. ಸ್ಕ್ರೂಡ್ರೈವರ್ ಒತ್ತಿದರೆ ಸಲೀಸಾಗಿ ಒಳಗೆ ಹೋಯಿತು. ತೂತಿನಲ್ಲಿ ತುರುಕಿದ್ದ ಕೊಳೆತ ಬಟ್ಟೆ ಎಳೆದೆ, ಜಿರಳೆಗಳು ನನ್ನ ಮಡಿಲಿಗೆ ಉದುರಿದವು. ಅದು ನಿನ್ನ ಚೌಕಳಿ ಅಂಗಿ. ಬಿಳಿ ದಾರ ಸಿಗದೆ ನಾನು ಕೆಂಪು ದಾರದಲ್ಲಿ ಹೊಲಿದುಕೊಟ್ಟಿದ್ದ ಗುಂಡಿ ಇನ್ನೂ ಹಾಗೇ ಇದೆ.

ಎದುರು ರಸ್ತೆಯ ವೆಲ್ಡರನ್ನು ಕರೆದು ತೋರಿಸಿದೆ. “ಜೋರಾಗೇ ಗುದ್ದಿದೆ ಅಕ್ಕ. ಹೊಡೆತ ತಡೆಯೋ ಒಳಗಿನ ಕಂಬಿಯೇ ಇಲ್ಲ. ಇದು ಬರೀ ಹೆಸರಿಗೆ ಬಾಗಿಲು” ಅಂದ.

ಕೀ ಕೊಡುವಾಗ ನೀನು ಹೇಳಿದ್ದು: “ಒಂದು ಗೀರೂ ಬಿದ್ದಿಲ್ಲ ಕಣೇ. ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಇದೇ ಸರಿ.” ವಾರ ವಾರವೂ ಅಮ್ಮ ಅದೇ ಬಾಗಿಲಿಗೆ ತಲೆ ಒರಗಿಸಿ ನಿದ್ದೆ ಹೋಗುತ್ತಾಳೆ. ನಿನ್ನ ಮೇಲೆ ಸಿಟ್ಟು ಬಂದಿದ್ದರೆ ಫೋನ್ ಮಾಡಿ ಜಗಳ ಆಡುತ್ತಿದ್ದೆ. ಸಿಟ್ಟಲ್ಲ, ಹೇಸಿಗೆ. ನಿನ್ನ ದನಿ ಕೇಳಲೂ ಮನಸ್ಸಿಲ್ಲ.

ಬಂದು ಕಾರು ತೆಗೆದುಕೊಂಡು ಹೋಗು. ಅಮ್ಮನಿಗೆ ಕಾರಣ ನೀನೇ ಹೇಳು.

ಇಂತು,
ನಿನ್ನ ಒಡಹುಟ್ಟಿದವಳು

ತಾ.ಕ.: ಇವತ್ತು ಬುಧವಾರ. ಪತ್ರ ಇನ್ನೂ ಮೇಜಿನ ಮೇಲೇ ಇತ್ತು. ನೀನು ಬರುವುದು ಬೇಡ, ಕಾರು ಮಾರಿದೆ. ತೂತಿಗೆ ಹೊಸ ಪುಟ್ಟಿ ಮೆತ್ತಿ ಮೂರು ಕೋಟು ಹೊಡೆದೆ, ನುಣ್ಣಗೆ ಬಂತು. ಕೊಳ್ಳಲು ಬಂದವನು ಕಾರಿಗೆ ಏನಾದರೂ ಗುದ್ದಿತ್ತಾ ಎಂದು ಕೇಳಿದ. ಅವನ ಹೆಂಡತಿ ಆಗಲೇ ಅಮ್ಮ ಕೂರುತ್ತಿದ್ದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಳ್ಳುತ್ತಿದ್ದಳು. ಇಲ್ಲ ಅಂದೆ.