ಕುಕ್ಕುವಾಡದ ಕಾರ್ಡುಗಳು

ದಾವಣಗೆರೆ
೨೦–೧೧–೧೯೬೦

ನನ್ನ ಪ್ರೀತಿಯ ನಿರ್ಮಲಾ,

ನಿನ್ನ ಹೆಸರು ಹಿಡಿದು ನಾನು ಬರೆಯುತ್ತಿರುವುದು ಇದೇ ಮೊದಲು. ಹರಿಹರದ ಆ ಮಂಟಪದಲ್ಲಿ ಮೂರು ವರ್ಷ ಒಂದೇ ಸೂರಿನಡಿ ಮಲಗಿ ಎದ್ದೆವು. ಅಲ್ಲಿ ನಾನು ನಿನ್ನನ್ನು ನಿಶ್ಚಲೆ ಎಂದೆ, ನೀನು ನನ್ನನ್ನು ವಿರತೆ ಎಂದೆ. ಅರಳು ಹುರಿದ ಹಾಗೆ ಮಾತಾಡುವ ನಿನಗೆ ನಿಶ್ಚಲೆ ಎಂದು ಹೆಸರಿಡಲು ನಮ್ಮ ಗುರು ದೊಡ್ಡಯ್ಯನವರಿಗೆ ಹೇಗೆ ಮನಸ್ಸು ಬಂತೋ! ನನ್ನ ಹೆಸರು ಮರುಳಸಿದ್ದಮ್ಮ. ಬಾತಿಯವಳು. ಇಷ್ಟು ದಿನ ಆದ ಮೇಲೆ ಗುರುತು ಹೇಳಿಕೊಳ್ಳುತ್ತಿದ್ದೇನೆ, ನಗಬೇಡ.

ಯಾರನ್ನೋ ಕೇಳಿ ವಿಳಾಸ ಹಿಡಿದು, ವಿರತೆ ಎಂದೇ ಬರೆದು ನೀನು ಹಾಕಿದ ಕಾಗದ ಬಂದು ಎಂಟು ದಿನವಾಯಿತು. ಎರಡು ಪುಟದಲ್ಲಿ ಒಂದೂವರೆ ಪುಟ ನನ್ನನ್ನು ಬೈದಿದ್ದೀ. ಹೇಳದೆ ಕೇಳದೆ ಹೋದೆ, ಒಂದು ಮಾತು ಅಂದಿದ್ದರೆ ನಾನೂ ಬೆನ್ನು ಹತ್ತಿ ಬರುತ್ತಿದ್ದೆ, ನಿನ್ನದು ಕಲ್ಲಿನೆದೆ ಎಂದೆಲ್ಲ. ಓದುತ್ತ ಓದುತ್ತ ಯಾರೋ ಮುಖಕ್ಕೆ ತಣ್ಣೀರು ಎರಚಿದ ಹಾಗೆ ಹಿತವಾಯಿತು. ಮಂಟಪದಲ್ಲಿ ಬೈಗುಳವೆಂಬುದೇ ಇರಲಿಲ್ಲವಲ್ಲ. ಅಲ್ಲಿ ಶಿಕ್ಷೆಯನ್ನೂ ಮೆಲ್ಲಗೆ, ನಗುನಗುತ್ತ ಕೊಡುತ್ತಿದ್ದರು.

ಯಾಕೆ ಹೊರಟೆ ಎಂದು ಕೇಳಿದ್ದೀ. ಒಂದು ಮಧ್ಯಾಹ್ನ ಟಪಾಲು ಹಾಕಲು ಹೋದವಳು ಹಿಂತಿರುಗಲಿಲ್ಲ. ಸದ್ಯಕ್ಕೆ ಅಷ್ಟೇ ಎಂದು ತಿಳಿ.

ಹೊರಗೆ ಬಂದು ತಿಂಗಳಾದರೂ ಕಾಲು ನೆಲಕ್ಕೆ ಹತ್ತುತ್ತಿಲ್ಲ ಎಂದು ಬರೆದಿದ್ದೀ. ನನಗೆ ಒಂದು ವರ್ಷ ಹತ್ತಲಿಲ್ಲ. ಪಿ.ಜೆ. ಬಡಾವಣೆಯಲ್ಲಿ ನಾಗಕ್ಕ ಎಂಬ ವಿಧವೆಯ ಮನೆಯ ಹಿಂದಿನ ಕೋಣೆ ಹಿಡಿದೆ. ಬೆಳಿಗ್ಗೆ ಹತ್ತಿ ಗಿರಣಿಯ ಸೈರನ್ ಕೂಗಿದರೆ ಮಂಟಪದ ಗಂಟೆಯೆಂದು ಎದ್ದು ಕೈಕಟ್ಟಿ ಗೋಡೆಗೆ ನಿಲ್ಲುತ್ತಿದ್ದೆ. ನಾಗಕ್ಕ ಬಾಗಿಲಲ್ಲಿ ನಿಂತು, "ಯಾರಿಗೆ ಹೆದರ್ಕಂಡು ನಿಂತೀಯವ್ವಾ? ಕೂಡ್ರು, ಚಾ ಕುಡಿ" ಎನ್ನುತ್ತಿದ್ದಳು. ಚಹಾ ಕುಡಿಯಲು ಯಾರ ಅಪ್ಪಣೆ ಕೇಳಬೇಕೆಂದು ತಿಳಿಯದೆ ಲೋಟ ಹಿಡಿದೇ ಇರುತ್ತಿದ್ದೆ. ಆರುತ್ತಿತ್ತು. ಅವಳು ಬೇಸರಿಸದೆ ಮತ್ತೆ ಕಾಸಿ ಕೊಡುತ್ತಿದ್ದಳು.

ಸಂಜೆಗಳು ಇನ್ನೂ ಕಷ್ಟ. ಹೊಳೆಯ ಕಡೆಯ ಆ ಪಡಸಾಲೆ ನಿನಗೆ ನೆನಪಿದೆಯಲ್ಲ. ದೀಪ ಹಚ್ಚುವ ಹೊತ್ತಿಗೆ ಸಾಲಾಗಿ ಕೂತು, ಆ ದಿನ ಮನಸ್ಸಿಗೆ ಬಂದ ನೆನಪುಗಳನ್ನು ಒಬ್ಬೊಬ್ಬರೇ ಎಲ್ಲರೆದುರು ಒಪ್ಪಿಸಬೇಕು. "ನೆನಪಂದ್ರ ಎಂಜಲು. ಉಂಡಿದ್ದನ್ನ ತಿರುಗಿ ಉಣಬಾರದು" ಎಂದು ದೊಡ್ಡಯ್ಯನವರು ಹೇಳುವರು. ತವರು ನೆನಪಾಯಿತೆಂದರೆ ಮೂರು ದಿನ ಮೌನ. ಏಳು ವರ್ಷ ಹೀಗೆ ಒಪ್ಪಿಸಿ ಒಪ್ಪಿಸಿ ನನ್ನ ಒಳಗೆ ಏನೂ ಉಳಿದಿರಲಿಲ್ಲ, ನಿರ್ಮಲಾ. ಹೊರಗೆ ಬಂದಾಗ ನಮ್ಮವ್ವನ ಮುಖ ತಂದುಕೊಳ್ಳಲು ನೋಡಿದೆ. ಸೆರಗು ಬಂತು, ಬಳೆ ಬಂತು, ಮುಖ ಬರಲಿಲ್ಲ.

ಆದರೆ ಹೆದರಬೇಡ, ಅವು ಹೋಗಿರುವುದಿಲ್ಲ. ಮೇಯಲು ಹೋದ ದನ ಹೊತ್ತು ಮುಳುಗಿದ ಮೇಲೆ ಒಂದೊಂದಾಗಿ ತಾವೇ ಹಟ್ಟಿಗೆ ಬರುವ ಹಾಗೆ ಬರುತ್ತವೆ. ಮೊದಲು ಕನಸಿನಲ್ಲಿ, ಅದೂ ಹಿಂದುಮುಂದಾಗಿ. ಬಾತಿ ಗುಡ್ಡ ನೀರಿನ ಮೇಲೆ ತೇಲುತ್ತ ತುಂಗಭದ್ರೆಯ ಸೇತುವೆಯ ಕೆಳಗೆ ಹಾದುಹೋಗುತ್ತಿತ್ತು, ಅದರ ಮೇಲೆ ನಮ್ಮಪ್ಪ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಇನ್ನೊಂದು ದಿನ ಬರೀ ವಾಸನೆ ಬಂತು, ತೊಳೆದ ಜೋಳದ ವಾಸನೆ. ಇಡೀ ಬೆಳಗು ಆ ವಾಸನೆಯ ಹಿಂದೆ ತಿರುಗಾಡಿದೆ. ಎಲ್ಲಿಯದೆಂದು ಹೊಳೆಯಲಿಲ್ಲ, ಹೊಳೆಯದಿದ್ದರೂ ಸಂತೋಷವಾಯಿತು. ನಿನಗೂ ಹಾಗೇ ಆದೀತು. ಬಂದದ್ದನ್ನು ಯಾರಿಗೂ ಒಪ್ಪಿಸಬೇಡ, ನನಗೂ ಬೇಡ.

ಈಗ ನಾನು ಹಜೀರಾಬೀ ಎಂಬವರ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತೇನೆ. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೆ ಅರಳಿ ಮೇಲೇಳುತ್ತದೆ, ನಾನು ಜರಡಿ ಹಿಡಿದು ಮರಳು ಬೇರೆ ಮಾಡುತ್ತೇನೆ. ಬಿಳಿಯ ರಾಶಿಯ ನಡುವೆ, ಹೊಗೆಯಲ್ಲಿ, ಮೋಡದೊಳಗೆ ಕೂತ ಹಾಗಿರುತ್ತದೆ. ಲಿಂಗವಂತರ ಹೆಂಗಸು ಸಾಬರ ಭಟ್ಟಿಗೆ ಹೋಗುತ್ತಾಳೆಂದು ಓಣಿಯಲ್ಲಿ ಮಾತಾಡಿದರು. ನಾಗಕ್ಕನೇ ಮೊದಲು ಮಾತಾಡಿದಳು. ಈಗ ಮಂಡಕ್ಕಿ ತಂದುಕೊಟ್ಟರೆ ಖಾರ ಹಚ್ಚಿ ತಿನ್ನುತ್ತಾಳೆ.

ಪೂಜೆ ಮಾಡುತ್ತೀಯಾ ಎಂದು ಕೇಳಿದ್ದೀ. ಆ ಮಾತನ್ನು ಕಾಗದದ ಅಂಚಿನಲ್ಲಿ, ಬಲು ಸಣ್ಣ ಅಕ್ಷರದಲ್ಲಿ ಬರೆದಿದ್ದೀ. ನನಗೆ ಅರ್ಥವಾಯಿತು.

ಮಂಟಪಕ್ಕೆ ಸೇರಿದ ದಿನ ಕೊರಳ ಶಿವದಾರ ಬಿಚ್ಚಿಸಿ, ನಮ್ಮ ನಮ್ಮ ಲಿಂಗವನ್ನು ಅವರ ದೊಡ್ಡ ಬೆಳ್ಳಿ ಪೆಟ್ಟಿಗೆಯಲ್ಲಿ ಇಡಿಸಿಕೊಂಡರಲ್ಲ. "ನನ್ನ ಲಿಂಗ ಅನ್ನಾದೂ ಅಹಂಕಾರಾನ" ಎಂದರು. ಹುಟ್ಟಿದಾಗಿನಿಂದ ಎದೆಗೆ ಹತ್ತಿಕೊಂಡಿದ್ದದ್ದು. ಓಡಿಬಂದವಳು ಅದನ್ನು ಕೇಳಿ ತರಲು ಆಗುತ್ತದೆಯೇ? ಇಲ್ಲಿ ಒಬ್ಬ ಅಯ್ಯನವರು ಹೊಸದು ಕೊಡುತ್ತೇನೆಂದರು. ಇನ್ನೂ ಮನಸ್ಸಾಗಿಲ್ಲ. ಒಬ್ಬರ ಕೈಯಿಂದ ಏನನ್ನಾದರೂ ತೆಗೆದುಕೊಳ್ಳುವುದೆಂದರೆ ನಾನೀಗಲೂ ಕೈ ಹಿಂದಕ್ಕೆಳೆದುಕೊಳ್ಳುತ್ತೇನೆ. ಹಾಗಾಗಿ ಸ್ನಾನ ಮಾಡಿ, ವಿಭೂತಿ ಧರಿಸಿ, ಎಡಗೈ ಚಾಚಿ ಬರಿಯ ಅಂಗೈಯನ್ನೇ ನೋಡುತ್ತ ಕೂರುತ್ತೇನೆ. ಮೊದಮೊದಲು ಪಂಚಾಕ್ಷರಿ ಹೇಳಲು ಬಾಯಿ ತೆರೆದರೆ ದೊಡ್ಡಯ್ಯನವರ ದನಿಯೇ ಕಿವಿಯಲ್ಲಿ ಬರುತ್ತಿತ್ತು. ಬಾಯಿ ಮುಚ್ಚಿಬಿಡುತ್ತಿದ್ದೆ.

ಒಮ್ಮೆ ಹಜೀರಾಬೀ ನಮಾಜು ಮುಗಿಸಿ ಎದ್ದಾಗ, ನನ್ನ ಕೈ ಖಾಲಿಯಾಗಿದೆ ಎಂದು ಯಾಕೋ ಅವರ ಮುಂದೆ ಹೇಳಿಬಿಟ್ಟೆ. ಅವರು ಚಾಪೆ ಸುತ್ತುತ್ತ, "ಖಾಲಿ ಇದ್ರ ಚಲೋನ ಆತಲ್ಲವ್ವಾ. ತುಂಬಿದ ಕೈಗೆ ಯಾರು ಹಾಕ್ತಾರ?" ಅಂದರು. ಚೆಂದದ ಮಾತಾಡಿದವರನ್ನೆಲ್ಲ ನಂಬುವ ಕಾಲ ನನಗೆ ಮುಗಿದಿದೆ, ನಿರ್ಮಲಾ. ಆ ಮಾತನ್ನೂ ನಾನು ಪೂರ್ತಿ ನಂಬಲಿಲ್ಲ. ಆದರೆ ಮರುದಿನ ಕೂತಾಗ, ಗವಾಕ್ಷಿಯಿಂದ ಬಿಸಿಲು ಇಳಿದು ಅಂಗೈ ಮೇಲೆ ಬಿತ್ತು. ಬೆಚ್ಚಗಿತ್ತು. ಎಷ್ಟು ಹೊತ್ತು ಹಾಗೇ ಇದ್ದೆನೋ. ಪಂಚಾಕ್ಷರಿ ಬಂತು, ಒಡಕು ದನಿಯಲ್ಲಿ, ಶ್ರುತಿಯಿಲ್ಲದೆ. ಯಾರ ದನಿಯೆಂದು ಹೆದರಿ ಕಿವಿಗೊಟ್ಟರೆ ಅದು ನನ್ನದೇ. ಶಿವ ಅಲ್ಲಿದ್ದನೋ ಇಲ್ಲವೋ ನಾನು ಹೇಳಲಾರೆ. ಅಲ್ಲಿ ದೊಡ್ಡಯ್ಯನವರಂತೂ ಇರಲಿಲ್ಲ. ನನಗೆ ಅಷ್ಟೇ ಸಾಕಾಯಿತು. ನಿನಗೆ ಕೂರಬೇಕೆನಿಸಿದ ದಿನ ಕೂರು, ಬೇಡವೆನಿಸಿದ ದಿನ ಎದ್ದು ಎಮ್ಮೆ ಹಿಂಡು. ಎರಡಕ್ಕೂ ಯಾರ ಅಪ್ಪಣೆಯೂ ಬೇಡ.

ಇನ್ನು ನಿಮ್ಮವ್ವನ ಮಾತು. ಎಂಟು ದಿನ ಇದಕ್ಕೇ ಬರೆಯದೆ ಕೂತಿದ್ದೆ.

ಅವ್ವ ತೀರಿಹೋಗಿ ಎರಡು ವರ್ಷದ ಮೇಲಾಯಿತೆಂದು ನಿನಗೆ ಹೋದ ತಿಂಗಳು ಗೊತ್ತಾಯಿತು. ಗೊತ್ತಾದ ದಿನವೇ ನೀನು ಮಂಟಪ ಬಿಟ್ಟು ಕುಕ್ಕುವಾಡಕ್ಕೆ, ಅಣ್ಣ ಕಲ್ಲೇಶಪ್ಪನ ಮನೆಗೆ ಬಂದೆ. "ನಮ್ಮವ್ವ ಮೂರು ವರ್ಷದಾಗ ನನಗೊಂದು ಕಾರ್ಡೂ ಹಾಕ್ಲಿಲ್ಲ, ಸಿಟ್ಟಿನಾಗೇ ಹೋದ್ಲು" ಎಂದು ಬರೆದಿದ್ದೀ. ಅದರ ಕೆಳಗೇ, ಅವ್ವನಿಗೆ ಕಡೆಗಾಲಕ್ಕೆ ಅರಳುಮರಳಾಗಿತ್ತಂತೆ, ಮಗಳ ಕಾಗದ ಬಂತು ಮಗಳ ಕಾಗದ ಬಂತು ಎಂದು ಓಣಿಯಲ್ಲೆಲ್ಲ ಹೇಳುತ್ತ ತಿರುಗುತ್ತಿದ್ದಳಂತೆ, ಅಣ್ಣ ಒಂದನ್ನೂ ಕಣ್ಣಾರೆ ನೋಡಲಿಲ್ಲವಂತೆ ಎಂದೂ ಬರೆದಿದ್ದೀ.

ಮೊದಲನೆಯದು ಸುಳ್ಳು. ಅವ್ವ ನಿನಗೆ ಬರೆದಳು. ಬಂದ ಟಪಾಲನ್ನೆಲ್ಲ ಓದಿ, ಮೋಹದ್ದೆಂದು ಕಂಡದ್ದನ್ನು ತಡೆಯುವ ಸೇವೆ ಮಂಟಪದಲ್ಲಿ ನನ್ನದಾಗಿತ್ತು. ನಾನು ಟಪಾಲು ಹೊರುತ್ತಿದ್ದುದು ನಿನಗೆ ಗೊತ್ತು. ಓದುತ್ತಿದ್ದುದು ನಿಮಗ್ಯಾರಿಗೂ ಗೊತ್ತಿರಲಿಲ್ಲ. ನಿಮ್ಮೂರಿನ ಶಿವಯೋಗಪ್ಪ ಮೇಷ್ಟ್ರ ಕೈಯಲ್ಲಿ ಬರೆಸಿದ ಹದಿಮೂರು ಕಾರ್ಡುಗಳು ಬಂದವು. ಹನ್ನೆರಡನ್ನು ಬಚ್ಚಲ ಹಂಡೆಯ ಒಲೆಗೆ ನಾನೇ ಹಾಕಿದೆ. ಆ ನೀರಿನಲ್ಲಿ ನೀನೂ ಮಿಂದಿದ್ದೀ.

ಸುಟ್ಟರೂ ಅವು ನನ್ನಲ್ಲಿ ಉಳಿದವು. ನನ್ನ ನೆನಪುಗಳನ್ನೆಲ್ಲ ಸಂಜೆ ಒಪ್ಪಿಸುತ್ತಿದ್ದೆನಲ್ಲ, ಇವು ನನ್ನವಲ್ಲವೆಂದು ಒಪ್ಪಿಸಲಿಲ್ಲ. ಇವತ್ತಿಗೂ ಬಾಯಿಪಾಠ. "ಕರಿ ಎಮ್ಮೆ ಹೆಣ್ಣುಗರ ಹಾಕೈತೆ, ನಿನ್ನ ಹಂಗೇ ತಲಿ ಕೊಡವ್ತೈತೆ." "ನಿನ್ನ ಹಸಿರು ಸೀರಿ ಪೆಟ್ಟಿಗ್ಯಾಗ ಐತೆ, ಯಾರಿಗೂ ಉಡಾಕ ಕೊಟ್ಟಿಲ್ಲ." "ಅಲ್ಲಿ ಹೊತ್ತಿಗ್ ಸರಿಯಾಗಿ ಉಣ್ಣಾಕ ಕೊಡ್ತಾರೇನು? ದೇವರ ಮನ್ಯಾಗ ಉಪಾಸ ಜಾಸ್ತಿ ಅಂತಾರ." ಹೋಳಿಗೆ ಮಾಡಿದ ದಿನವೆಲ್ಲ ನಿನ್ನ ಪಾಲು ತೆಗೆದಿಟ್ಟು, ಸಂಜೆ ತಾನೇ ತಿನ್ನುತ್ತಿದ್ದಳಂತೆ. "ನೀನು ತಿಂದಂಗ ಆತು ಅನ್ಕಂತೀನಿ" ಎಂದಿದ್ದಳು.

ನಿಮ್ಮವ್ವ ಸಿಟ್ಟಿನಲ್ಲಿ ಹೋಗಲಿಲ್ಲ, ನಿರ್ಮಲಾ. ಆ ಕಾರ್ಡುಗಳನ್ನು ನಿನ್ನಿಂದ ಕಸಿದದ್ದು ದೊಡ್ಡಯ್ಯನವರಲ್ಲ, ನಾನು. ಅವರು ಹೇಳಿದರು, ನಿಜ. ಒಲೆಗೆ ಹಾಕಿದ್ದು ನನ್ನ ಕೈ. ಹೊರಗೆ ಬಂದ ಮೇಲೆ ನಿನಗೆ ತಿಳಿಸಬೇಕೆಂದು ಎರಡು ಸಲ ಹರಿಹರಕ್ಕೆ ಬಂದು, ಮಂಟಪದ ಬಾಗಿಲು ಕಾಣುವಷ್ಟು ದೂರದಲ್ಲಿ ನಿಂತು, ಹಿಂತಿರುಗಿದೆ. ಒಳಗೆ ಕರೆದರೆ ಹೋಗಿಬಿಡುತ್ತೇನೆಂಬ ಹೆದರಿಕೆ. ಕ್ಷಮಿಸು ಎಂದು ಕೇಳಲು ಬಾಯಿಲ್ಲ. ನಿನ್ನ ಸ್ನೇಹ ಇಲ್ಲಿಗೇ ಮುಗಿಯುವುದಾದರೆ ಮುಗಿಯಲಿ. ಹಸಿರು ಸೀರೆ ಪೆಟ್ಟಿಗೆಯಲ್ಲಿ ಇದೆಯೇ ಎಂದು ಮಾತ್ರ ಅತ್ತಿಗೆಯನ್ನು ಕೇಳಿ ನೋಡು.

ಮೈ ಜೋಪಾನ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಬೈಗುಳಕ್ಕೆ ಋಣಿಯಾದ,
ಮರುಳಸಿದ್ದಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಲು ಹೋದವಳು ಮತ್ತೆ ಕೂತೆ. ಅರಳುಮರಳಿನ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಕೊಡದೆ ಹೋದರೆ ನಿಮ್ಮವ್ವನ ಮೇಲೆ ಆ ಅಪವಾದ ಉಳಿದುಬಿಡುತ್ತದೆ.

ಅವಳ ಬುದ್ಧಿ ಕಡೆಯವರೆಗೂ ನೆಟ್ಟಗಿತ್ತು. ಕಾಗದಗಳು ಹೋಗಿದ್ದು ನಿಜ. ನಾನೇ ಬರೆದೆ, ನಿನ್ನ ಹೆಸರಿನಲ್ಲಿ. ಹೊತ್ತಿಗೆ ಉಣ್ಣಾಕ ಕೊಡ್ತಾರೇನು ಎಂದು ಕೇಳಿದ ಕಾರ್ಡನ್ನು ಸುಟ್ಟ ದಿನ ನನಗೆ ತುತ್ತು ಇಳಿಯಲಿಲ್ಲ. "ಕೊಡುತ್ತಾರವ್ವ, ಚೆನ್ನಾಗಿದ್ದೇನೆ, ನಿದ್ದೆಯೂ ಬರುತ್ತದೆ" ಎಂದು ಬರೆದು ಅಂಚೆಗೆ ಹಾಕಿದೆ. ಆಮೇಲೆ ಬಿಡಲಾಗಲಿಲ್ಲ. ಎರಡು ವರ್ಷ ಬರೆದೆ. ನಿನ್ನನ್ನು ದಿನವೂ ನೋಡುತ್ತಿದ್ದೆನಲ್ಲ, ಕಂಡದ್ದನ್ನೇ ಬರೆಯುತ್ತಿದ್ದೆ: ಕೆಮ್ಮು ಕಡಿಮೆಯಾಗಿದೆ, ಕೂದಲು ಉದುರುವುದು ನಿಂತಿದೆ, ಮಲ್ಲಿಗೆ ಗಿಡಕ್ಕೆ ನೀರು ಹಾಕುತ್ತೇನೆ ಎಂದು.

ಹದಿಮೂರನೆಯ ಕಾರ್ಡು ಬಂದದ್ದು ಐವತ್ತೆಂಟರ ವೈಶಾಖದಲ್ಲಿ. ಅದರಲ್ಲಿದ್ದದ್ದು ಇಷ್ಟು:

"ನನ್ನ ನಿರ್ಮಲ ನಾಕು ಸಾಲು ಬರದ್ರ ಮೂರು ಸಾಲು ಬೈಗಳ ಇರ್ತಾವ. ನೀನು ಬಾಳ ಮೆತ್ತಗ ಬರೀತೀ. ಮೊದಲನೇ ಕಾಗದದಾಗೇ ಗೊತ್ತಾತು ನನಗ. ನೀನು ನಿಲ್ಲಿಸಿಬಿಟ್ಟೀಯ ಅಂತ ಸುಮ್ನಿದ್ದೆ. ಮಗಳು ಉಣ್ತಾಳ, ಮಲಗ್ತಾಳ ಅಂತ ಬರದೀಯಲ್ಲ, ಅದು ಖರೇನ ಇರ್ಬೇಕು. ಅಷ್ಟು ಸಾಕು. ನನಗೀಗ ಮೈಯಾಗ ನೆಟ್ಟಗಿಲ್ಲ, ಅದಕ್ಕ ಹೇಳ್ತೀನಿ. ನೀನು ಯಾರ ಮಗಳೋ ನಮ್ಮವ್ವಾ, ನಿಮ್ಮವ್ವಗೂ ಒಂದು ಕಾಗದ ಹಾಕು. ದಾರಿ ನೋಡ್ತಿರ್ತಾಳ."

ನಮ್ಮವ್ವ ತೀರಿಹೋಗಿ ಆಗ ಹನ್ನೆರಡು ವರ್ಷ. ಆ ಮಧ್ಯಾಹ್ನ ಹರಿಹರದ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು, ನಿಮ್ಮವ್ವನಿಗೇ ಬರೆದೆ: "ನಾನು ಬಾತಿಯ ಮರುಳಸಿದ್ದಿ. ನನಗೆ ಅವ್ವ ಇಲ್ಲ. ಇಲ್ಲಿಂದ ಹೋಗುತ್ತೇನೆ." ಡಬ್ಬಿಗೆ ಹಾಕಿದ ಮೇಲೆ ಕಾಲು ಮಂಟಪದ ಕಡೆ ತಿರುಗಲಿಲ್ಲ. ಸ್ಟೇಷನ್ನಿನ ಕಡೆ ತಿರುಗಿತು.

ಶ್ರಾವಣದಲ್ಲಿ ಧೈರ್ಯ ಮಾಡಿ ಕುಕ್ಕುವಾಡಕ್ಕೆ ಬಂದೆ. ನಿಮ್ಮ ಮನೆ ಕೇಳಿದಾಗ, ಅಜ್ಜಿ ಹೋಗಿ ಎರಡು ತಿಂಗಳಾಯಿತೆಂದರು. ಶಾಲೆಗೆ ಹೋಗಿ ಮೇಷ್ಟ್ರನ್ನು ಕಂಡೆ. ನನ್ನ ಕಾರ್ಡು ತಲುಪಿತ್ತು. ಮೇಷ್ಟ್ರು ಓದಿ ಹೇಳಿದ್ದಕ್ಕೆ ನಿಮ್ಮವ್ವ ನಕ್ಕು, "ಬರ್ಲಿ ಬಿಡ್ರಿ, ಹೋಳಿಗಿ ಮಾಡಿದ್ರಾತು" ಅಂದಿದ್ದಳಂತೆ. ಈ ಗುಟ್ಟನ್ನು ಯಾರಿಗೂ ಹೇಳಬೇಡಿರೆಂದು ಮೇಷ್ಟ್ರಿಂದ ಮಾತು ತೆಗೆದುಕೊಂಡಿದ್ದಳಂತೆ. ಎಲ್ಲ ಕಾಗದಗಳನ್ನೂ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದಳು, ಆ ಚೀಲವನ್ನು ಅವಳ ಜೊತೆಗೇ ಮಣ್ಣಿಗಿಟ್ಟರು ಎಂದರು. ನಿಮ್ಮ ಮನೆಯ ಬಾಗಿಲಿಗೆ ಬರಲು ಮುಖವಿಲ್ಲದೆ ಹಾಗೇ ಬಸ್ಸು ಹತ್ತಿದೆ.

ಸುಡದೆ ಉಳಿಸಿಕೊಂಡ ಆ ಹದಿಮೂರನೆಯ ಕಾರ್ಡು ಈ ಲಕೋಟೆಯಲ್ಲಿದೆ. ಅದು ನಿನ್ನದೋ ನನ್ನದೋ ತಿಳಿಯದೆ ಇಷ್ಟು ದಿನ ಇಟ್ಟುಕೊಂಡೆ.