ನನ್ನ ಹೆಸರಿನ ಎಲ್ಕ್

ಆಗಸ್ಟ್ 25, ಸೋಮವಾರ. ಬೆಳಗ್ಗೆ 6.20

ಮತ್ತೆ ಹಾಲು ಮುಗಿದಿದೆ. ಕಪ್ಪು ಕಾಫಿಯೇ ಗತಿ. ಕ್ಯಾಲೆಂಡರಿನ ಕೊನೆಯ ಚೌಕಕ್ಕೂ ಗೀಟು ಎಳೆದಾಯಿತು. ಮುನ್ನೂರ ಅರವತ್ತೈದು!

ಈ ರಾಜ್ಯದವಳೆನಿಸಿಕೊಳ್ಳಲು ವರ್ಷವಿಡೀ ಮೊಂಟಾನಾದಲ್ಲೇ ಇರಬೇಕು, ಮೂವತ್ತು ದಿನಕ್ಕಿಂತ ಹೆಚ್ಚು ಗಡಿಯಾಚೆ ಹೋಗಕೂಡದು — ಕಾಲೇಜಿನ ಕಟ್ಟಳೆ. ನಾನು ಹೋದದ್ದು ಹನ್ನೊಂದು ದಿನ. ಕ್ರಿಸ್‌ಮಸ್ಸಿಗೆ, ಮತ್ತೆ ಅಪ್ಪ ಹಲ್ಲು ಕೀಳಿಸಿಕೊಂಡು ಸಿಂಹದಂತೆ ಗರ್ಜಿಸುತ್ತಿದ್ದಾಗ. ಅಷ್ಟೇ. ಕಾರಿನ ನಂಬರ್ ಪ್ಲೇಟು ಬದಲಾಯಿಸಿದೆ. ಓಟು ಇಲ್ಲಿ, ತೆರಿಗೆ ಇಲ್ಲಿ. ವರ್ಷವೆಲ್ಲ ಇಲ್ಲಿನ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸಿದೆ. ಪಕ್ಕದ ರಾಜ್ಯ ಇಡಾಹೊದ ನೆರಿಯಾ ಸತ್ತಳು, ಮೊಂಟಾನಾದ ನೆರಿಯಾ ಹುಟ್ಟಿದಳು. ಪರದೆ ಮೇಲೇಳಲಿ!

ಇಂದು ಎಕ್ಸ್‌ರೇ ಕೋರ್ಸಿನ ಮೊದಲ ದಿನ. ಇರುವುದು ಹನ್ನೆರಡೇ ಸೀಟು. ರಾಜ್ಯದವರಿಗಿರುವ ಶುಲ್ಕ ಕಟ್ಟಿದ್ದೇನೆ. ರಾಜ್ಯನಿವಾಸಿ ಅರ್ಜಿಗೆ ಇನ್ನೂ ಸಹಿ ಬಿದ್ದಿಲ್ಲ. ತಿರಸ್ಕಾರವಾದರೆ ಹೊರರಾಜ್ಯದ ಶುಲ್ಕ. ಮೂರೂವರೆ ಪಟ್ಟು. ಅಷ್ಟು ಹಣ ನನ್ನ ಏಳೇಳು ಜನ್ಮದಲ್ಲೂ...

ಆಗುವುದಿಲ್ಲ ಬಿಡು. ಎಲ್ಲ ಸರಿಯಾಗಿದೆ. ಎರಡು ಸಲ ನೋಡಿದ್ದೇನೆ.

ಆಗಸ್ಟ್ 27, ಬುಧವಾರ. ಸಂಜೆ

ಆದದ್ದನ್ನೆಲ್ಲ ಕ್ರಮವಾಗಿ, ನಿಧಾನವಾಗಿ ಬರೆಯಬೇಕು.

ಟ್ವಾಯ್ಲಾ ಅಡುಗೆ ಮಾಡುತ್ತಿದ್ದಳು. ನನ್ನ ಜತೆ ಬಾಡಿಗೆಗಿರುವವಳು, ದನ ಸಾಕುವವರ ಮಗಳು, ಬಾಯಿಬಡುಕಿ. ಫ್ರೀಜರಿನಿಂದ ಅಪ್ಪ ತಂದುಕೊಟ್ಟ ಎಲ್ಕ್ ಎಂಬ ದೊಡ್ಡ ಕಾಡುಜಿಂಕೆಯ ಮಾಂಸದ ಪೊಟ್ಟಣ ತೆಗೆದಳು. ಬಿಳಿ ಕಾಗದದ ಮೇಲೆ ಅಪ್ಪನ ದಪ್ಪ ಅಕ್ಷರ: ನೆರಿಯಾ. ಹಿಂದಿನ ತೊಡೆ. ಅಕ್ಟೋಬರ್ 19.

‘ಲೇ, ನಿನ್ನ ಹೆಸರು ಯಾಕಿದೆ? ನಿನ್ನ ತೊಡೆನಾ ಇದು?’

ಯಾರ ಬೇಟೆ ಚೀಟಿಯಲ್ಲಿ ಹೊಡೆದ ಪ್ರಾಣಿಯೋ ಅವರ ಹೆಸರು ಪೊಟ್ಟಣದ ಮೇಲೆ, ನಮ್ಮ ಮನೆಯ ಪದ್ಧತಿ ಎಂದೆ. ನಾನು ಹನ್ನೆರಡು ವರ್ಷದವಳಾದಾಗಿನಿಂದ ಸೆಪ್ಟೆಂಬರ್ ಬಂದರೆ ಅಪ್ಪ ಅಂಗಡಿಗೆ ಹೋಗಿ ಎರಡು ಚೀಟಿ ತರುತ್ತಾನೆ. ಒಂದು ಅವನಿಗೆ, ಒಂದು ನನಗೆ; ಚೀಟಿಗೊಂದೇ ಪ್ರಾಣಿ. ಕಳೆದ ವರ್ಷ ನಾನು ಹೋಗಲಿಲ್ಲ, ದಿನ ಎಣಿಸುತ್ತಿದ್ದೆ. ಎರಡೂ ಅವನೇ ಹೊಡೆದ. ನವೆಂಬರಿನಲ್ಲಿ ಐಸ್ ಪೆಟ್ಟಿಗೆ ಹೊತ್ತು ಬಂದು, ‘ಭಲೇ ಮಗಳೇ! ಒಂದೇ ಗುಂಡು! ಏನು ಗುರಿ ನಿಂದು!’ ಅಂದಿದ್ದ. ನಕ್ಕಿದ್ದೆವು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಟ್ವಾಯ್ಲಾ ಚಾಕು ಕೆಳಗಿಟ್ಟಳು. ‘ಒಂದ್ನಿಮಿಷ ಕಣೇ. ಕಳೆದ ಸೆಪ್ಟೆಂಬರಲ್ಲಿ ನೀನು ಇಲ್ಲಿಯವಳಲ್ವಾ? ಹೊರಗಿನವ್ರಿಗೆ ಇಡಾಹೊ ಚೀಟಿ ಚಿನ್ನದ ರೇಟು. ನಿಮ್ಮಪ್ಪ ಯಾವ ರೇಟಲ್ಲಿ ತಗೊಂಡ್ರು?’

ಇಡಾಹೊದವರ ರೇಟಲ್ಲಿ. ಮತ್ತಾವ ರೇಟಲ್ಲಿ.

ಅರ್ಜಿಯ ಹದಿನಾಲ್ಕನೆಯ ಪ್ರಶ್ನೆ. ‘ಈ ಹನ್ನೆರಡು ತಿಂಗಳಲ್ಲಿ ಬೇರೆ ರಾಜ್ಯದ ನಿವಾಸಿಯೆಂದು ಬೇಟೆ ಅಥವಾ ಮೀನಿನ ಲೈಸೆನ್ಸ್ ಪಡೆದಿದ್ದೀರಾ?’ ‘ಇಲ್ಲ’ ಎಂದು ಗುರುತು ಹಾಕಿದ್ದೇನೆ. ಕೆಳಗೆ ಪ್ರಮಾಣದ ಸಹಿ. ದೇವರಾಣೆ, ನೆನಪೇ ಇರಲಿಲ್ಲ! ನಾನೆಂದೂ ಕೊಂಡವಳಲ್ಲ, ಅದು ಅಪ್ಪನ ಕೆಲಸ...

ಟ್ವಾಯ್ಲಾ ಎರಡು ಪಾಲೂ ತಿಂದಳು.

ಆಗಸ್ಟ್ 28, ಗುರುವಾರ

ಅಪ್ಪನಿಗೆ ಫೋನ್. ನಮ್ಮೂರಲ್ಲಿ ಪ್ರವಾಸಿಗರಿಗೆಂದು ಆಡುವ ಬೇಸಗೆಯ ನಾಟಕದ ಕೊನೆಯ ವಾರ. ನಲವತ್ತು ವರ್ಷದಿಂದ ಅವನದೇ ಖಳನ ಪಾತ್ರ — ಕರಿ ಟೋಪಿ, ತಿರುಚಿದ ಮೀಸೆ, ಪ್ರವಾಸಿಗರ ‘ಛೀ! ಥೂ!’ ರಂಗದ ಹಲಗೆಯಡಿ ಕೂತು ಬೆಳೆದವಳು ನಾನು. ಪ್ರವೇಶಕ್ಕೆ ಮುಂಚೆ ಪಕ್ಕದ ಪರದೆಯ ಹಿಂದಿನಿಂದ ಅವನ ಕೆಮ್ಮು: ಎರಡು ಚಿಕ್ಕದು, ಒಂದು ಉದ್ದ. ಇಡೀ ಸಭೆ ಮೌನವಾಗುತ್ತಿತ್ತು.

‘ಅಯ್ಯೋ ಪುಟ್ಟಿ, ಒಂದು ಚೀಟಿಗೆ ಇಷ್ಟೊಂದಾ? ಯಾರು ನೋಡ್ತಾರೆ?’

‘ಅಪ್ಪಾ, ಎಲ್ಕ್ ಹೊಡೆದ ವರದಿ ನನ್ನ ಹೆಸರಲ್ಲಿ ಕೊಟ್ಟಿದ್ದೀಯಾ?’

‘ಕೊಡ್ಲೇಬೇಕಲ್ಲ. ಕಾನೂನು.’

ಕಾನೂನಂತೆ! ಮಹಾನುಭಾವ!

ಸೆಪ್ಟೆಂಬರ್ 3, ಬುಧವಾರ

ಬಂತು. ಮೂರು ಸಾಲಿನ ಪತ್ರ. ‘ಮಿಸ್ ಗರಾತೆ, ಇಡಾಹೊ ಲೈಸೆನ್ಸ್ ದಾಖಲೆಯ ಕುರಿತು ವಿವರಣೆ ಬೇಕಿದೆ. ಶುಕ್ರವಾರ ಎರಡಕ್ಕೆ ಬನ್ನಿ.’ ಸಹಿ: ಮಿಸೆಸ್ ಸ್ಕಾರ್, ನಿವಾಸ ಅಧಿಕಾರಿ.

ಇಂದು ತರಗತಿಯಲ್ಲಿ ಅಂಗೈಯ ಫಿಲ್ಮು ನೋಡಿದೆವು. ಚರ್ಮ, ಉಂಗುರ, ನಗು ಯಾವುದೂ ಅಡ್ಡಬರುವುದಿಲ್ಲ. ಮೂಳೆ ಕಂಡೇ ಕಾಣುತ್ತದೆ.

ಸೆಪ್ಟೆಂಬರ್ 5, ಶುಕ್ರವಾರ. ಸಂಜೆ 4

ಮಿಸೆಸ್ ಸ್ಕಾರ್ ಗದರುತ್ತಾರೆಂದುಕೊಂಡಿದ್ದೆ. ಗದರಿದ್ದರೆ ಚೆನ್ನಾಗಿತ್ತು. ಕನ್ನಡಕ ಒರೆಸಿಕೊಂಡು ಎರಡು ಕಾಗದ ಅಕ್ಕಪಕ್ಕ ಇಟ್ಟರು.

ಎಡಗಡೆ: ನೆರಿಯಾ ಗರಾತೆ, ಇಡಾಹೊ ನಿವಾಸಿ, ಅಕ್ಟೋಬರ್ 19ರಂದು ಗಂಡು ಎಲ್ಕ್ ಹೊಡೆದಳು. ಬಲಗಡೆ: ವೃದ್ಧಾಶ್ರಮದ ಹಾಜರಿ. ಅಕ್ಟೋಬರ್ 19, ನೆರಿಯಾ ಗರಾತೆ, ಬೆಳಗ್ಗೆ ಆರರಿಂದ ಸಂಜೆ ಆರು. ಆ ಹಾಜರಿಯನ್ನು ಕೊಟ್ಟವಳು ನಾನೇ. ಇಲ್ಲೇ ಇದ್ದೆನೆಂಬುದಕ್ಕೆ ಸಾಕ್ಷಿಯೆಂದು! ಹೆಮ್ಮೆಯಿಂದ!

‘ನಮ್ಮನೆ ಫ್ರೀಜರಲ್ಲೂ ಎಲ್ಕ್ ಇದೆ ಕಣಮ್ಮಾ,’ ಎಂದರು. ‘ಆದ್ರೆ ಅದನ್ನ ಹೊಡೆದೋರ ಹೆಸರು ಅದರ ಮೇಲಿದೆ. ಈಗ ನೀನೇ ಹೇಳು. ಆ ದಿನ ನೀನು ಎಲ್ಲಿದ್ದೆ?’

ಅಲ್ಲಿದ್ದೆನೆಂದರೆ ನಾನು ಇಡಾಹೊದವಳು, ಸೀಟು ಹೋಯಿತು. ಇಲ್ಲಿದ್ದೆನೆಂದರೆ ಇನ್ನೊಬ್ಬರ ಚೀಟಿಯಲ್ಲಿ ಗುಂಡು ಹಾರಿಸಿದವನು ಅಪ್ಪ. ದಂಡ, ಬಂದೂಕು ಜಪ್ತಿ, ವರ್ಷಗಟ್ಟಲೆ ಬೇಟೆ ನಿಷೇಧ. ಅಮ್ಮ ಹೋದಮೇಲೆ ಆ ಕಾಡೊಂದೇ ಅವನಿಗಿರುವುದು.

ಎರಡೂ ಕಾಗದದ ಮೇಲಿನ ನನ್ನ ಹೆಸರನ್ನೇ ನೋಡುತ್ತ ಕೂತೆ.

ಅವರು ಎರಡೂ ಕಾಗದ ಫೈಲಿಗೆ ಸೇರಿಸಿದರು. ‘ನೋಡು. ಹದಿನೈದನೇ ತಾರೀಕು ಐದು ಗಂಟೆಯೊಳಗೆ ಕೋರ್ಸ್ ಬಿಟ್ರೆ ಕಟ್ಟಿದ್ದೆಲ್ಲ ವಾಪಸ್. ಅರ್ಜಿನೂ ಹಿಂದಕ್ಕೆ ತಗೋಬಹುದು, ಫೈಲ್ ಇಲ್ಲಿಗೇ ಮುಚ್ಚುತ್ತೆ, ನಾನು ಯಾರಿಗೂ ಬರೆಯಲ್ಲ. ಐದು ದಾಟಿದ್ರೆ ಬಿಡಿಗಾಸೂ ಬರಲ್ಲ. ಅರ್ಜಿ ಬಿತ್ತು ಅಂದ್ರೆ ಹೊರರಾಜ್ಯದ ಬಿಲ್ ಪೂರ್ತಿ ನಿನ್ನ ತಲೆ ಮೇಲೆ.’

‘ಅರ್ಜಿ ಉಳಿಸಿಕೊಳ್ಳಬೇಕಾದ್ರೆ?’

‘ಆ ಚೀಟಿ ನೀನು ತಗೊಂಡಿದ್ದಲ್ಲ ಅಂತ ಇಡಾಹೊ ಇಲಾಖೆಯವರ ಕಾಗದ ತಾ, ಅದಕ್ಕೂ ಹದಿನೈದೇ ಕೊನೆ. ಬಾಯಿ ಮಾತು ನಡೆಯಲ್ಲ.’

ಆ ಕಾಗದ ಹುಟ್ಟಬೇಕಾದರೆ ಅಪ್ಪ ಸಿಕ್ಕಿಬೀಳಬೇಕು. ಅಷ್ಟು ಸರಳ.

ಸೆಪ್ಟೆಂಬರ್ 9, ಮಂಗಳವಾರ

ಉಳಿದ ಆರು ಪೊಟ್ಟಣ ಕಸದ ಚೀಲಕ್ಕೆ ತುಂಬಿದೆ. ಹಿತ್ತಿಲ ಬಾಗಿಲಲ್ಲಿ ಟ್ವಾಯ್ಲಾ ಕೈ ಅಡ್ಡ ಹಿಡಿದು ನಿಂತಳು.

‘ಹುಚ್ಚಿ! ಬೇಟೆ ಮಾಂಸ ಬಿಸಾಕೋದೂ ಅಪರಾಧವೇ. ಒಂದಕ್ಕೆ ಎರಡು ಮಾಡ್ಕೋತೀಯಾ?’

ಇಟ್ಟರೆ ಸಾಕ್ಷಿ, ಬಿಸಾಡಿದರೆ ಅಪರಾಧ, ತಿಂದರೆ ವಾಂತಿ. ಮತ್ತೆ ಫ್ರೀಜರಿಗೇ ತುಂಬಿದೆ. ನನ್ನ ಹೆಸರು ಕೆಳಮುಖವಾಗಿ.

ಹೊರಗೆ ಜೀಪಿನ ಸದ್ದಾದರೆ ಇಲಾಖೆಯವರೇನೋ ಎಂದು ಕಿಟಕಿಗೆ ಹೋಗಿ ನೋಡುತ್ತೇನೆ. ಇಂದು ನಾಲ್ಕು ಸಲ.

ಸೆಪ್ಟೆಂಬರ್ 12, ಶುಕ್ರವಾರ

ಕೋರ್ಸ್ ಬಿಡುವ ಫಾರಂ ತಂದೆ. ತುಂಬಿದೆ. ‘ಕಾರಣ’ ಎಂಬಲ್ಲಿ ‘ಕೌಟುಂಬಿಕ’ ಎಂದು ಬರೆದೆ. ಸುಳ್ಳಲ್ಲ.

ಅಪ್ಪನಿಗೆ ಹೇಳಿದೆ. ಸೋಮವಾರ ಬಿಟ್ಟುಬಿಡುತ್ತೇನೆ, ನೀನು ಸುಮ್ಮನಿರು, ಯಾರಿಗೂ ಗೊತ್ತಾಗುವುದಿಲ್ಲ. ‘ಊಟ ಮಾಡು ಪುಟ್ಟಿ’ ಎಂದು ಪಿಸುಗುಟ್ಟಿ ಫೋನ್ ಇಟ್ಟ. ನಾಲ್ಕು ನೂರು ಜನಕ್ಕೆ ಮೈಕಿಲ್ಲದೆ ಕೇಳಿಸುವ ಗಂಟಲು ಅದು!

ಸೆಪ್ಟೆಂಬರ್ 14, ಭಾನುವಾರ. ಮಧ್ಯಾಹ್ನ

ಅಪ್ಪನ ಫೋನ್. ‘ಮಗಳೇ, ಬೇಟೆ ಇಲಾಖೆಯ ಇನ್‌ಸ್ಪೆಕ್ಟರ್ ಮನೆಗೆ ಹೋಗಿದ್ದೆ.’

‘ಅಪ್ಪಾ!’

‘ಮಧ್ಯ ಬಾಯಿ ಹಾಕ್ಬೇಡ. ಪ್ರತಿ ಬೇಸಗೆ ಮುಂದಿನ ಸಾಲಲ್ಲಿ ಕೂತು ನನಗೆ ಛೀ ಅನ್ನೋ ಮನುಷ್ಯ. ಎಲ್ಲ ಹೇಳ್ದೆ. ಚೀಟಿ ನಾನು ತಂದೆ, ಗುಂಡು ನಾನು ಹೊಡೆದೆ, ಹುಡುಗಿಗೆ ಗೊತ್ತಿರಲಿಲ್ಲ ಅಂತ. ಅವನ ಹೆಂಡ್ತಿ ಕಾಫಿ ಕೊಟ್ಳು. ಅವನು ಕುಡೀಲಿಲ್ಲ. ನಾಳೆ ಬೆಳಗ್ಗೆ ಆಫೀಸಲ್ಲಿ ಬರೆದು ಕೊಡ್ತಾನಂತೆ.’

‘ಮಾಂಸ ತಿನ್ನುವಾಗ ನನಗೆ ಗೊತ್ತಿತ್ತಲ್ಲಪ್ಪಾ. ಬಂದೂಕು?’

ಬಂದೂಕಿನ ಮಾತಿಗೆ ಮಾತ್ರ ಉತ್ತರ. ‘ಕೊಟ್ಟೆ. ನಲವತ್ತು ವರ್ಷ ಖಳನಾಗಿದ್ದೀನಿ. ಕೊನೇ ಅಂಕದಲ್ಲಿ ಅವನು ಸಿಕ್ಕಿಬೀಳ್ಲೇಬೇಕು, ಇಲ್ದಿದ್ರೆ ಜನ ದುಡ್ಡು ವಾಪಸ್ ಕೇಳ್ತಾರೆ. ನೀನು ಆ ಫಾರಂ ಕೊಡ್ಬೇಡ. ಕಾಗದ ನಾನೇ ತರ್ತೀನಿ. ನಾಲ್ಕು ಗಂಟೆಗೆ ಅಲ್ಲಿರ್ತೀನಿ.’

ಅಳು ಬಂತು. ಬೈದೆ. ಮತ್ತೆ ಅಳು ಬಂತು.

ಸೆಪ್ಟೆಂಬರ್ 15, ಸೋಮವಾರ. 3.10

ಮಿಸೆಸ್ ಸ್ಕಾರ್ ಬಾಗಿಲ ಹೊರಗಿನ ಬೆಂಚು. ಎದುರಿಗೇ ರಿಫಂಡ್ ಕಿಟಕಿ. ಸಾಲಿನಲ್ಲಿ ಒಂಬತ್ತು ಜನ. ಫಾರಂ ಚೀಲದಲ್ಲಿದೆ, ಬೇಕಾಗುವುದಿಲ್ಲ. ನಾಲ್ಕಕ್ಕೆ ಅಪ್ಪ.

‘ಆ ಕಿಟಕಿ ಐದಕ್ಕೆ ಮುಚ್ಚುತ್ತೆ,’ ಎಂದರು ಮಿಸೆಸ್ ಸ್ಕಾರ್. ‘ನಾನು ಐದೂವರೆವರೆಗೆ ಇರ್ತೀನಿ. ಆಮೇಲೆ ನನ್ನ ಕೈಯಲ್ಲೇನಿಲ್ಲ.’

4.05

ಇಲ್ಲ. ಫೋನ್ ಹತ್ತುತ್ತಿಲ್ಲ. ಘಾಟಿಯಲ್ಲಿರಬೇಕು.

4.20

ಅಯ್ಯೋ ದೇವರೇ.

ಗೋಡೆಯ ಗಡಿಯಾರ ನೋಡುತ್ತ ಕೂತಿದ್ದೆ — ನೋಡುತ್ತ ನೋಡುತ್ತ ಹೊಳೆಯಿತು. ನಮ್ಮೂರ ಗಡಿಯಾರ ಇಲ್ಲಿಗಿಂತ ಒಂದು ಗಂಟೆ ಹಿಂದೆ! ಘಾಟಿಯ ನೆತ್ತಿಯಲ್ಲಿ ರಾಜ್ಯ ಬದಲಾದರೆ ಗಂಟೆಯೂ ಬದಲು. ಅಪ್ಪ ಜನ್ಮದಲ್ಲಿ ವಾಚು ತಿದ್ದಿದವನಲ್ಲ. ಐಸ್ ಪೆಟ್ಟಿಗೆ ಹೊತ್ತು ಬಂದಾಗಲೂ ಅವನ ಗಂಟೆಯೇ, ನನ್ನನ್ನು ಬಿಡಲು ಬಂದಾಗಲೂ ಅವನ ಗಂಟೆಯೇ. ಅವನ ನಾಲ್ಕೆಂದರೆ ಇಲ್ಲಿಯ ಐದು.

ನಾನೂ ಮರೆತೆ. ಒಂದೇ ವರ್ಷದಲ್ಲಿ ಮರೆತುಬಿಟ್ಟೆ. ನಿಜವಾಗಿಯೂ ಮೊಂಟಾನಾದವಳಾಗಿದ್ದೇನೆ!

ಸಾಲಿಗೆ ಸೇರಿದೆ. ನಿಂತೇ ಬರೆಯುತ್ತಿದ್ದೇನೆ.

4.46

ಮುಂದೆ ಮೂವರು. ಕಿಟಕಿಯವಳು ಮೊಹರು ಒತ್ತುವ ಸದ್ದು. ಧಡ್. ಪ್ರತಿ ಸದ್ದಿಗೂ ಒಬ್ಬರ ಕಾಲೇಜು ಮುಗಿಯುತ್ತದೆ.

ಫಾರಂ ಕೊಟ್ಟರೆ ಹಣ ಉಳಿಯುತ್ತದೆ. ಅಪ್ಪ ಬಂದೂಕು ಕೊಟ್ಟಾಗಿದೆ, ಅದು ವಾಪಸ್ಸು ಬರುವುದಿಲ್ಲ. ಅದಕ್ಕೆ ಯಾವ ಕಿಟಕಿಯಲ್ಲೂ ರಿಫಂಡ್ ಇಲ್ಲ. ಕೊಡದಿದ್ದರೆ, ಅಪ್ಪನ ಹಳೇ ಗಾಡಿ ಘಾಟಿಯಲ್ಲಿ ಕೆಟ್ಟು ನಿಂತರೆ, ಇನ್‌ಸ್ಪೆಕ್ಟರ್ ಕಾಗದ ಬರೆದೇ ಇಲ್ಲವೆಂದರೆ...

4.55

ನನ್ನ ಮುಂದೆ ಒಬ್ಬನೇ. ಬೆವರಿಗೆ ಫಾರಂ ಅಂಟುತ್ತಿದೆ.

4.58

‘ಮುಂದಿನವ್ರು! ಏನಮ್ಮಾ, ಬರ್ತೀಯೋ ಇಲ್ವೋ?’

‘ಇಲ್ಲ,’ ಎಂದೆ. ಯಾರ ದನಿ ಅದು? ಗೋಡೆಗೆ ಬಡಿದು ವಾಪಸ್ಸು ಬಂತು. ಸಾಲೆಲ್ಲ ತಿರುಗಿ ನೋಡಿತು. ಅಪ್ಪನ ದನಿ, ನನ್ನ ಗಂಟಲಲ್ಲಿ.

ಬೆಂಚಿಗೆ ಬಂದು ಕೂತೆ.

5.00

ಕಿಟಕಿಯ ಪರದೆ ಕೆಳಗಿಳಿಯಿತು.

5.14

ಇಲ್ಲ.

5.22

ಮಿಸೆಸ್ ಸ್ಕಾರ್ ದೀಪವೊಂದನ್ನು ಆರಿಸಿದರು. ನನ್ನ ಕಡೆ ನೋಡಲಿಲ್ಲ. ಫೋನ್ ಹತ್ತುತ್ತಿಲ್ಲ. ಫಾರಂ ಹರಿದಿದ್ದೇನೆ — ಯಾವಾಗ ಹರಿದೆನೋ, ಮಡಿಲ ತುಂಬ ಚೂರು.

5.27

ಅವರು ಕೋಟಿಗೆ ಒಂದು ತೋಳು ಹಾಕಿಕೊಂಡರು.

ಕೆಳಗೆ ಮೆಟ್ಟಿಲಲ್ಲಿ ಯಾರೋ ಕೆಮ್ಮಿದರು. ಚಿಕ್ಕದು. ಇನ್ನೊಂದು ಚಿಕ್ಕದು.

ಮಿಸೆಸ್ ಸ್ಕಾರ್ ಕೈ ಗಾಳಿಯಲ್ಲೇ ನಿಂತಿತು. ‘ಯಾರದು?’

ಉದ್ದದ್ದೊಂದು ಬರಬೇಕು. ಉದ್ದದ್ದು ಬಂದರೆ ಅದು ಅಪ್ಪ...